ಸ್ಟಾಲ್ ಬಿಟ್ಟೆವು, ಪೆಟ್ಟಿಗೆ ಕಳಿಸಿದೆವು: ನನ್ನ ಅನುಭವ

ದೊಡ್ಡ ಟೆಕ್ ಮೇಳಗಳಲ್ಲಿ ಸ್ಟಾಲ್ ಹಾಕುವುದನ್ನು ನಿಲ್ಲಿಸುತ್ತೇವೆ ಅಂದಾಗ ನಮ್ಮ ಡೀಲರ್‌ಗಳು ಒಪ್ಪಲಿಲ್ಲ. "ಒಂದು ವರ್ಷ ಕಾಣಿಸದಿದ್ದರೆ ಕಂಪನಿ ಮುಚ್ಚಿತು ಅಂದುಕೊಳ್ಳುತ್ತಾರೆ" ಅಂದರು. ಇದೇ ಲೈನಿನಲ್ಲಿರುವ ಗೆಳೆಯರೂ ಅದೇ ರಾಗ ಹಾಡಿದರು. ಈಗ ನಮ್ಮ ಆರ್ಡರ್ ಆಗಿನದಕ್ಕಿಂತ ಸುಮಾರು ಒಂದೂವರೆ ಪಟ್ಟು ಇದೆ. ಮಾರಾಟಕ್ಕೆ ಮಾಡುವ ಖರ್ಚು ಮೂರನೇ ಒಂದು ಪಾಲಿಗೆ ಇಳಿದಿದೆ. ಆಗ ತಲೆ ಅಲ್ಲಾಡಿಸಿದವರಲ್ಲಿ ಇಬ್ಬರು ಮೂವರು ಈಗ ಫೋನ್ ಮಾಡಿ ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ. ಸ್ಟಾಲ್ ಬದಲು ನಮ್ಮ ವಸ್ತುವನ್ನೇ ಪೆಟ್ಟಿಗೆಯಲ್ಲಿ ಗ್ರಾಹಕರಿಗೆ ಕಳಿಸಿದ್ದು ಹೇಗೆ ಅಂತ ಅದಕ್ಕೇ ಬರೆಯುತ್ತಿದ್ದೇನೆ.

ನಾವು ಮಾಡುವುದು ಮೋಟರ್, ಪಂಪ್‌ಗಳ ವೈಬ್ರೇಶನ್ ಅಳೆಯುವ ಸೆನ್ಸರ್. ಮೇಳದ ಸ್ಟಾಲಿನಲ್ಲಿ ಇದನ್ನು ತೋರಿಸುವುದೇ ಕಷ್ಟ. ಮೇಜಿನ ಮೇಲೆ ಒಂದು ಪುಟ್ಟ ಮೋಟರ್ ಇಟ್ಟು, ಅದಕ್ಕೆ ಬೇಕಂತಲೇ ಒಂದು ಕಡೆ ತೂಕ ಕಟ್ಟಿ ಓಡಿಸುತ್ತಿದ್ದೆವು. ಪಕ್ಕದ ಸ್ಟಾಲಿನ ಸ್ಪೀಕರ್ ಶುರುವಾದರೆ ಅದೂ ನಮ್ಮ ಗ್ರಾಫಿನಲ್ಲಿ ಬರುತ್ತಿತ್ತು. ಮರದ ಫ್ಲೋರಿಂಗ್ ಮೇಲೆ ಜನ ಓಡಾಡಿದರೆ ಅದೂ ಬರುತ್ತಿತ್ತು. ಕಾರ್ಖಾನೆಯ ಮೇಂಟೆನೆನ್ಸ್‌ನವರು ಬಂದು ನೋಡಿ, "ಚೆನ್ನಾಗಿದೆ, ಆದರೆ ನಮ್ಮ ಪಂಪಿನ ಮೇಲೆ ನೋಡಬೇಕು" ಅಂತ ಹೇಳಿ ಹೋಗುತ್ತಿದ್ದರು. ನಿಜವಾಗಿ ಬೇಕಾದ ದಾರಿ ಆ ಮಾತಿನಲ್ಲೇ ಇತ್ತು.

ದುಡ್ಡಿನ ವಿಷಯ ನಿಮಗೂ ಗೊತ್ತಿದೆ, ಆದರೂ ಹೇಳುತ್ತೇನೆ. ಜಾಗದ ಬಾಡಿಗೆ ಒಟ್ಟು ಖರ್ಚಿನ ಮೂರನೇ ಒಂದು ಭಾಗದಷ್ಟೇ. ಉಳಿದದ್ದು ಸ್ಟಾಲ್ ಕಟ್ಟುವುದು, ಕಾರ್ಪೆಟ್, ಕರೆಂಟ್ ಪಾಯಿಂಟ್, ಇಂಟರ್ನೆಟ್ ಲೈನ್, ಬಂದವರ ಬ್ಯಾಡ್ಜ್‌ನಿಂದ ಹೆಸರು, ಮೇಲ್ ತೆಗೆದುಕೊಳ್ಳುವ ಸ್ಕ್ಯಾನರ್ ಬಾಡಿಗೆ, ಹೋಟೆಲ್. ಕೊನೇ ತಾರೀಕು ದಾಟಿ ಆರ್ಡರ್ ಮಾಡಿದರೆ ಅದೇ ಕರೆಂಟ್ ಪಾಯಿಂಟಿಗೆ ಇನ್ನೂ ಜಾಸ್ತಿ. ಅಮೆರಿಕದ ಮೇಳಗಳಲ್ಲಿ ಲಾರಿ ಬಂದು ನಿಲ್ಲುವ ಡಾಕ್‌ನಿಂದ ನಮ್ಮ ಸ್ಟಾಲಿಗೆ ಸಾಮಾನು ತಂದಿಡಲು ನೂರು ಪೌಂಡ್ ತೂಕಕ್ಕೆ ಇಷ್ಟು ಅಂತ ಲೆಕ್ಕ. ಸಮುದ್ರ ದಾಟಿಸಿದ ಖರ್ಚಿಗೂ ಆ ಕೊನೆಯ ನೂರಿನ್ನೂರು ಮೀಟರಿನ ಖರ್ಚಿಗೂ ಹೆಚ್ಚು ವ್ಯತ್ಯಾಸ ಇರುತ್ತಿರಲಿಲ್ಲ. ಇಷ್ಟೆಲ್ಲ ಸುರಿದು ಸ್ಕ್ಯಾನ್ ಮಾಡಿಕೊಂಡ ಬ್ಯಾಡ್ಜ್‌ಗಳಲ್ಲಿ ಆಮೇಲೆ ಮೇಲ್‌ಗೆ ಉತ್ತರ ಕೊಟ್ಟವರು ಹತ್ತರಲ್ಲಿ ಒಬ್ಬರು. ಅವರಲ್ಲೂ ಅರ್ಧ ಜನ ನಮಗೇ ಏನೋ ಮಾರಲು ಬಂದವರು.

ಇದು ನಮ್ಮೊಬ್ಬರ ಕಥೆ ಅಲ್ಲ. ಲಾಸ್ ವೇಗಸ್‌ನ ಕಂಪ್ಯೂಟರ್ ಮೇಳ ಕಾಮ್‌ಡೆಕ್ಸ್ 1979ರಲ್ಲಿ ಡೀಲರ್‌ಗಳಿಗಾಗಿ ಶುರುವಾದದ್ದು. ತೊಂಬತ್ತರ ದಶಕದ ಕೊನೆಯಲ್ಲಿ ಅಲ್ಲಿಗೆ ಎರಡು ಲಕ್ಷ ಜನ ಬರುತ್ತಿದ್ದರು. 2003ರದ್ದೇ ಕೊನೆ. ಜರ್ಮನಿಯ ಹ್ಯಾನೋವರ್‌ನ ಕಂಪ್ಯೂಟರ್ ಮೇಳ ಸೆಬಿಟ್‌ಗೆ 2001ರಲ್ಲಿ ಎಂಟು ಲಕ್ಷಕ್ಕೂ ಜಾಸ್ತಿ ಜನ ಬಂದಿದ್ದರು. 2018ರಲ್ಲಿ ಅದನ್ನು ಮಾರ್ಚ್‌ನಿಂದ ಜೂನ್‌ಗೆ ತಂದು, ಜಾಯಿಂಟ್ ವ್ಹೀಲ್ ನಿಲ್ಲಿಸಿ, ಹಬ್ಬದ ಹಾಗೆ ಮಾಡಿದರೂ ಬಂದವರು ಸುಮಾರು 1.2 ಲಕ್ಷ. ಅದೇ ವರ್ಷದ ಕೊನೆಗೆ ಮೇಳವನ್ನೇ ನಿಲ್ಲಿಸಿದರು. ವಿಡಿಯೊ ಗೇಮ್‌ಗಳ ಮೇಳ ಇ3 ಡಿಸೆಂಬರ್ 2023ರಲ್ಲಿ ಅಧಿಕೃತವಾಗಿ ಮುಗಿಯಿತು.

ಕೋವಿಡ್ ಇವಕ್ಕೆಲ್ಲ ಕಾರಣ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆಪಲ್ 2009ರ ನಂತರವೇ ಮ್ಯಾಕ್‌ವರ್ಲ್ಡ್ ಮೇಳ ಬಿಟ್ಟಿತ್ತು. ಎರಡೇ ವರ್ಷ ಹಿಂದೆ ಮೊದಲ ಐಫೋನ್ ತೋರಿಸಿದ ವೇದಿಕೆ ಅದು! ಗೇಮ್ ಕಂಪನಿ ನಿಂಟೆಂಡೊ 2013ರಲ್ಲಿ ಇ3ಯ ದೊಡ್ಡ ವೇದಿಕೆ ಬಿಟ್ಟು ತನ್ನದೇ ವಿಡಿಯೊ ಕಾರ್ಯಕ್ರಮಕ್ಕೆ ಹೋಯಿತು. ಸುದ್ದಿ ಹೇಳಲು ಮೇಳ ಬೇಡವಾಯಿತು. ಆರ್ಡರ್ ಬರೆಯಲು ಡೀಲರ್ ಅಲ್ಲಿಗೆ ಬರಬೇಕಾಗಿಲ್ಲ ಅಂತಾಯಿತು. ಈ ಎರಡೂ ಹೋದ ಮೇಲೆ ಉಳಿದದ್ದು ಮುಖಾಮುಖಿ ಭೇಟಿ ಒಂದೇ. ಅದಕ್ಕೆ ಅಷ್ಟು ದೊಡ್ಡ ಹಾಲ್ ಯಾಕೆ?

ಮೊದಲು ನಾವು ಅರ್ಧ ದಾರಿ ಹೋದೆವು. ಮೇಳದ ವಾರವೇ ಹತ್ತಿರದ ಹೋಟೆಲಿನಲ್ಲಿ ಒಂದು ಮೀಟಿಂಗ್ ರೂಮ್ ಹಿಡಿದು, ಒಂದೂವರೆ ತಿಂಗಳು ಮೊದಲೇ ಅಪಾಯಿಂಟ್‌ಮೆಂಟ್ ಮಾಡಿಕೊಂಡೆವು. ಮಾತುಕತೆ ಚೆನ್ನಾಗಿ ಆಗುತ್ತಿತ್ತು. ಆದರೆ ಆ ವಾರದ ಹೋಟೆಲ್ ದರ ಎಷ್ಟಿರುತ್ತೆ ಅಂತ ಹೇಳಬೇಕಾಗಿಲ್ಲ ಅಲ್ವಾ? ಅಲ್ಲದೆ ಮುಂದೆ ಕುಳಿತವರ ಪಂಪ್ ಎಲ್ಲೋ ದೂರದಲ್ಲೇ ಇರುತ್ತಿತ್ತು. 2020ರಲ್ಲಿ ವರ್ಚುವಲ್ ಸ್ಟಾಲ್ ತೆಗೆದುಕೊಂಡೆವು. ಬಂದವರು ಬ್ರೋಷರ್ ಇಳಿಸಿಕೊಂಡು ಹೋದರು. ಚಾಟ್‌ನಲ್ಲಿ "ಹಲೋ" ಅಂದವರಿಗೆ ನಾವು ಉತ್ತರ ಬರೆದು ಮುಗಿಸುವಷ್ಟರಲ್ಲಿ ಆಚೆ ಹೋಗಿರುತ್ತಿದ್ದರು. ಆರ್ಡರ್ ಒಂದೂ ಇಲ್ಲ. ವೆಬಿನಾರ್ ಕೂಡ ಮಾಡಿ ನೋಡಿದೆವು. ಒಂದು ಗಂಟೆಯದ್ದು ದಂಡ. ಇಪ್ಪತ್ತು ನಿಮಿಷದ್ದು, ಒಂದೇ ಯಂತ್ರದ ಒಂದೇ ದೋಷದ ಮೇಲೆ ಮಾಡಿದ್ದು, ಪರವಾಗಿಲ್ಲ. ಈಗಲೂ ಆಗಾಗ ಮಾಡುತ್ತೇವೆ.

ಆಮೇಲೆ ಬಂದದ್ದು ಪೆಟ್ಟಿಗೆ. ಸೆನ್ಸರನ್ನು ನೇರವಾಗಿ ಗ್ರಾಹಕರಿಗೇ ಕಳಿಸಿ, ಅವರ ಯಂತ್ರದ ಮೇಲೆ ಅವರೇ ಕೂರಿಸಿಕೊಳ್ಳಲಿ, ನಾವು ವಿಡಿಯೊ ಕಾಲ್‌ನಲ್ಲಿ ಜೊತೆಗಿರೋಣ ಅಂತ.

ಮೊದಲ ಮಾದರಿ ಓಡಲಿಲ್ಲ. ಗಟ್ಟಿ ಪ್ಲಾಸ್ಟಿಕ್ ಕೇಸ್, ಅದರಲ್ಲಿ ಆರು ಸೆನ್ಸರ್, ಕೇಬಲ್‌ಗಳು, ದಪ್ಪ ಮ್ಯಾನ್ಯುಅಲ್. ಎಷ್ಟೋ ಪೆಟ್ಟಿಗೆ ಸೀಲ್ ಒಡೆಯದೆ ಹಾಗೇ ವಾಪಸ್ ಬಂದವು. ಕೆಲವು ಕಡೆ ಐಟಿಯವರು ತಮ್ಮ ನೆಟ್‌ವರ್ಕ್‌ಗೆ ಸೇರಿಸಲು ಬಿಡಲಿಲ್ಲ. ಅದಕ್ಕೆ ಗೇಟ್‌ವೇಗೆ, ಅಂದರೆ ಸೆನ್ಸರ್ ಅಳೆದದ್ದನ್ನು ಇಂಟರ್ನೆಟ್‌ಗೆ ಕಳಿಸುವ ಡಬ್ಬಿಗೆ, ನಮ್ಮದೇ ಸಿಮ್ ಹಾಕಿದೆವು. ಅವರ ವೈ-ಫೈ ಕೇಳುವುದೇ ಬೇಡ. ಬ್ಯಾಟರಿಯ ತಲೆನೋವು ಬೇರೆ. ಬಿಡಿ ಲಿಥಿಯಂ ಅಯಾನ್ ಬ್ಯಾಟರಿ ಅಂದರೆ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಯುಎನ್ 3480. ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಹೋಗುವಂತಿಲ್ಲ, ಸರಕು ವಿಮಾನದಲ್ಲೂ ಚಾರ್ಜ್ ಶೇ. 30 ದಾಟುವಂತಿಲ್ಲ. ಬಿಡಿ ಬ್ಯಾಟರಿಯನ್ನೇ ತೆಗೆದು, ಸೆನ್ಸರ್ ಒಳಗೇ ಇರುವ ಹಾಗೆ ಬದಲಿಸಿದ ಮೇಲೆ ಕೊರಿಯರ್‌ನವರ ಪ್ರಶ್ನೆಗಳು ಕಡಿಮೆಯಾದವು. ಗಡಿ ದಾಟುವ ಪೆಟ್ಟಿಗೆಗೆ ಎಟಿಎ ಕಾರ್ನೆಟ್ (ಹೋಗಿ ವಾಪಸ್ ಬರುವ ಸಾಮಾನಿಗೆ ಕೊಡುವ ಕಸ್ಟಮ್ಸ್ ಪತ್ರ) ಮಾಡಿಸಿಕೊಳ್ಳಿ. ಒಂದು ವರ್ಷ ನಡೆಯುತ್ತದೆ, ಸ್ಯಾಂಪಲ್‌ಗೆ ಸುಂಕ ಕಟ್ಟುವ ರಗಳೆ ಇಲ್ಲ.

ಡೆಪಾಸಿಟ್ ಕೇಳಬೇಕೋ ಬೇಡವೋ ಅಂತ ನಮ್ಮೊಳಗೇ ದೊಡ್ಡ ವಾದ ನಡೆದಿತ್ತು. ಎರಡನ್ನೂ ಮಾಡಿ ನೋಡಿದೆವು. ಡೆಪಾಸಿಟ್ ಅಂದ ತಕ್ಷಣ ವಿಷಯ ಪರ್ಚೇಸ್ ವಿಭಾಗಕ್ಕೆ ಹೋಗುತ್ತದೆ. ಅಲ್ಲಿ ಫೈಲ್ ವಾರಗಟ್ಟಲೆ ಕೂರುತ್ತದೆ. ಡೆಪಾಸಿಟ್ ಇಲ್ಲದೆ ಕಳಿಸಿದವು ಒಂದೆರಡು ಬಿಟ್ಟು ಎಲ್ಲವೂ ವಾಪಸ್ ಬಂದಿವೆ. ಕಳೆದುಹೋದ ಆ ಒಂದೆರಡರ ಬೆಲೆ ಮೇಳದ ಕಾರ್ಪೆಟ್ ಬಾಡಿಗೆಗೂ ಸಮ ಆಗುವುದಿಲ್ಲ.

ಈಗಿನ ಪೆಟ್ಟಿಗೆ ಶೂ ಡಬ್ಬದಷ್ಟು. ಒಂದು ಸೆನ್ಸರ್, ಒಂದು ಗೇಟ್‌ವೇ, ಒಂದೇ ಹಾಳೆ. ಹಾಳೆಯಲ್ಲಿ ಮೂರು ಚಿತ್ರ, ನಾಲ್ಕು ಸಾಲು, ಅಷ್ಟೆ. ಸೆನ್ಸರ್ ಅಡಿಯಲ್ಲಿ ಮ್ಯಾಗ್ನೆಟ್ ಇದೆ. ಬೇರಿಂಗಿನ ಹೊರಕವಚ (ಹೌಸಿಂಗ್) ಒರೆಸಿ, ಬಣ್ಣ ಎದ್ದಿರದ ಕಡೆ ಹಿಡಿದರೆ ಟಕ್ ಅಂತ ಕೂರುತ್ತದೆ. ಒಂದು ಕಡೆ 1,480 ಆರ್‌ಪಿಎಂ ಪಂಪಿನ ಮೇಲೆ ಕೂರಿಸಿದರು. ನಿಮಿಷದೊಳಗೆ ಗ್ರಾಫ್ ಬಂತು. 25 ಹರ್ಟ್ಜ್ ಹತ್ತಿರ ಒಂದು ಗೆರೆ, ಅಂದರೆ ಪಂಪ್ ಸೆಕೆಂಡಿಗೆ ಸುತ್ತುವಷ್ಟು. 49ರ ಹತ್ತಿರ ಅದಕ್ಕಿಂತ ಎತ್ತರದ್ದು. ಓಡುವ ವೇಗದ ಎರಡರಷ್ಟು. ಮೋಟರಿನ ಶಾಫ್ಟ್, ಪಂಪಿನ ಶಾಫ್ಟ್ ಒಂದೇ ನೇರದಲ್ಲಿ ಇಲ್ಲದಿದ್ದರೆ ಹೀಗೆ ಕಾಣುವುದುಂಟು. ನಾನು ಬಾಯಿ ತೆರೆಯುವ ಮೊದಲೇ ಅವರ ಫಿಟ್ಟರ್, "ಸಾರ್, ಕಪ್ಲಿಂಗ್ ಅಲೈನ್‌ಮೆಂಟ್ ಹೋಗಿದೆ, ನಾನು ಆಗಲೇ ಹೇಳಿದ್ದೆ" ಅಂದರು. ಪಕ್ಕದಲ್ಲೇ ಅವರ ಮ್ಯಾನೇಜರ್ ನಿಂತಿದ್ದರು. ಆ ಆರ್ಡರ್ ಆಗಿದ್ದು ಅಲ್ಲೇ. ನಾನು ಏನೂ ಮಾರಬೇಕಾಗಲಿಲ್ಲ.

ಕಾಲ್ ಅರ್ಧ ಗಂಟೆ ಮೀರಬಾರದು. ಮಾರಾಟದವರು ಬೇಡ, ಸೆನ್ಸರ್ ಮಾಡಿದ ಎಂಜಿನಿಯರೇ ಕೂರಬೇಕು. ಪೆಟ್ಟಿಗೆ ತಲುಪಿದ ಎರಡು ಮೂರು ದಿನದೊಳಗೇ ಕಾಲ್ ಇಡಿ. ವಾರ ಆಯಿತೆಂದರೆ ಅದು ಸ್ಟೋರ್ ರೂಮ್ ಸೇರುತ್ತದೆ. ಯಾರಿಗೆ ಪೆಟ್ಟಿಗೆ ಕಳಿಸಬೇಕು, ಯಾರಿಗೆ ಬೇಡ ಅಂತ ನಿರ್ಧರಿಸಲು ನಾವು ಫೋನಿನಲ್ಲಿ ಒಂದೇ ಒಂದು ಪ್ರಶ್ನೆ ಕೇಳುತ್ತೇವೆ. ಅದು ಯಾವುದು ಅಂತ ಇಲ್ಲಿ ಬರೆಯುವುದಿಲ್ಲ, ಅದು ನಮ್ಮಲ್ಲೇ ಇರಲಿ. ಕಳಿಸಿದ ಪೆಟ್ಟಿಗೆಗಳಲ್ಲಿ ಸುಮಾರು ಮೂರಕ್ಕೆ ಒಂದು ಆರ್ಡರ್ ತರುತ್ತಿರುವುದು ಹೆಚ್ಚಾಗಿ ಆ ಪ್ರಶ್ನೆಯಿಂದಲೇ.

ದೊಡ್ಡ ಮೇಳ ಎಲ್ಲರಿಗೂ ದಂಡ ಅಂತ ನಾನು ಹೇಳುತ್ತಿಲ್ಲ. ಲಾಸ್ ವೇಗಸ್‌ನ ಎಲೆಕ್ಟ್ರಾನಿಕ್ಸ್ ಮೇಳ ಸಿಇಎಸ್‌ಗೆ 2022ರಲ್ಲಿ 45 ಸಾವಿರದಷ್ಟು ಜನ ಬಂದಿದ್ದರು, 2024ರಲ್ಲಿ ಸುಮಾರು 1.38 ಲಕ್ಷ. ಟಿವಿ, ಕಾರು ತೋರಿಸುವವರಿಗೆ ಅಲ್ಲಿ ಕೆಲಸ ಇದೆ. ಗ್ರಾಹಕರ ಜಾಗದಲ್ಲೇ ಕೆಲಸ ಮಾಡುವ ವಸ್ತು ನಿಮ್ಮದಾದರೆ, ಮುಂದಿನ ವರ್ಷದ ಸ್ಟಾಲಿನ ಮುಂಗಡ ಕಟ್ಟುವ ಮೊದಲು ಒಂದಿಷ್ಟು ಪೆಟ್ಟಿಗೆ ಮಾಡಿ ಕಳಿಸಿ ನೋಡಿ.

ಸದ್ಯ ನಾವು ಪೆಟ್ಟಿಗೆಯಲ್ಲಿ ಎರಡನೇ ಸೆನ್ಸರ್ ಇಟ್ಟು ನೋಡುತ್ತಿದ್ದೇವೆ. ಚೆನ್ನಾಗಿರುವ ಪಂಪಿನ ಮೇಲೆ ಒಂದು, ಸದ್ದು ಮಾಡುವ ಪಂಪಿನ ಮೇಲೆ ಇನ್ನೊಂದು. ಕೂರಿಸಲು ಸಮಯ ಜಾಸ್ತಿ ಹಿಡಿಯುತ್ತಿದೆ, ಆದರೆ ಎರಡು ಗ್ರಾಫ್ ಅಕ್ಕಪಕ್ಕ ಕಂಡಾಗ ಪ್ರಶ್ನೆಗಳು ಅವರ ಕಡೆಯಿಂದಲೇ ಬರುತ್ತವೆ. ಇನ್ನೂ ಒಂದಷ್ಟು ಕಡೆ ಹೋಗಿಬರಲಿ, ಆಮೇಲೆ ಲೆಕ್ಕ ಹೇಳುತ್ತೇನೆ.