ಸೆಕೆಂಡ್ ಹ್ಯಾಂಡ್ ಎ-ಕ್ಲಾಸ್ ಕೊಳ್ಳುವ ಮುನ್ನ: ಏನು ನೋಡಬೇಕು, ಎಷ್ಟು ದುಡ್ಡು ತೆಗೆದಿಡಬೇಕು

ಹೊಸ ಬಲೆನೋ ಕೊಳ್ಳುವ ದುಡ್ಡಿಗೆ ಹಳೆಯ ಬೆಂಜ್ ಸಿಗುತ್ತದೆ ಅಂದರೆ ಯಾರಿಗಾದರೂ ಆಸೆ ಆಗುತ್ತದೆ. ತಪ್ಪೇನಿಲ್ಲ, ಒಳ್ಳೆಯ ಕಾರೇ ಅದು. ಮರ್ಸಿಡಿಸ್ ಎ-ಕ್ಲಾಸ್ ಹ್ಯಾಚ್‌ಬ್ಯಾಕ್ 2013ರ ಮೇ ತಿಂಗಳಲ್ಲಿ ಭಾರತಕ್ಕೆ ಬಂದಾಗ ಎಕ್ಸ್ ಶೋರೂಂ ಬೆಲೆ ಸುಮಾರು 22 ಲಕ್ಷ ಇತ್ತು. ಈಗ ಅದರ ಅರ್ಧ ಬೆಲೆಗೆ, ಕೆಲವೊಮ್ಮೆ ಅದಕ್ಕಿಂತ ಕಡಿಮೆಗೂ ಸಿಗುತ್ತದೆ. ಆದರೆ ಇಳಿದಿರುವುದು ಕಾರಿನ ಬೆಲೆ ಮಾತ್ರ. ಸ್ಪೇರ್ ಪಾರ್ಟ್‌ಗೆ ಇವತ್ತಿಗೂ ಬೆಂಜ್ ರೇಟೇ. ಇದನ್ನು ಮರೆತು ಕೊಂಡರೆ ವರ್ಷದೊಳಗೆ ಮೂಗಿಗಿಂತ ಮೂಗುತಿ ಭಾರ ಆಗುತ್ತದೆ.

ಇಲ್ಲಿ ಹೇಳುವ ಖರ್ಚೆಲ್ಲ ಅಂದಾಜು. ಗ್ಯಾರೇಜಿನಿಂದ ಗ್ಯಾರೇಜಿಗೆ, ಪಾರ್ಟಿನ ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಬದಲಾಗುತ್ತದೆ. ಕೊಳ್ಳುವ ಮೊದಲು ಎರಡು ಕಡೆ ಎಸ್ಟಿಮೇಟ್ ಕೇಳಿ.

ಕಾರಿಗಿಂತ ಮೊದಲು ಕಾಗದ

ಆರ್‌ಸಿ ನಂಬರ್ ಹಾಕಿ ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ನೋಡಿ. ಎಷ್ಟನೇ ಓನರ್, ಸಾಲ ಬಾಕಿ ಇದೆಯಾ, ಇನ್ಶೂರೆನ್ಸ್ ಯಾವತ್ತಿನವರೆಗೆ ಅನ್ನುವುದು ತಿಳಿಯುತ್ತದೆ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕ್ ಹೆಸರು ಹಾಗೇ ಉಳಿದಿದ್ದರೆ, ಅದನ್ನು ತೆಗೆಸಿದ ಮೇಲೆಯೇ ಪೂರ್ತಿ ದುಡ್ಡು ಕೊಡಿ.

ದೆಹಲಿ ಕಡೆ ಹಳೆಯ ಡೀಸೆಲ್ ಕಾರುಗಳ ಮೇಲೆ ನಿರ್ಬಂಧ ಬಂದ ಮೇಲೆ ಅಲ್ಲಿನ ಗಾಡಿಗಳು ತುಂಬಾ ಇತ್ತ ಬಂದವು. ಬೆಲೆ ಕಡಿಮೆ ಅಂತ ಖುಷಿಪಡಬೇಡಿ. ಆ ರಾಜ್ಯದ ಎನ್ಒಸಿ (ನಿರಾಕ್ಷೇಪಣಾ ಪತ್ರ) ಬೇಕು, ಆಮೇಲೆ ಕರ್ನಾಟಕದ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಬೇಕು. ಇದು ನೀವು ಕೊಟ್ಟ ಬೆಲೆಯ ಮೇಲಲ್ಲ, ಕಾರು ಹೊಸದಿದ್ದಾಗಿನ ಬೆಲೆ ಮತ್ತು ಅದರ ವಯಸ್ಸಿನ ಮೇಲೆ ಲೆಕ್ಕ. ಆರ್‌ಟಿಒದಲ್ಲಿ ಲೆಕ್ಕ ಹಾಕಿಸಿಕೊಂಡು ಆಮೇಲೆ ಚೌಕಾಸಿಗೆ ಕೂರಿ.

ಈ ಕಾರಿಗೆ ಕಾಗದದ ಸರ್ವಿಸ್ ಬುಕ್ ಇಲ್ಲದಿದ್ದರೆ ಗಾಬರಿ ಬೇಡ, ಶೋರೂಂ ಸರ್ವಿಸ್ ಲೆಕ್ಕವೆಲ್ಲ ಕಂಪ್ಯೂಟರಿನಲ್ಲಿರುತ್ತದೆ. ಓನರ್ ಮೂಲಕ ಪ್ರಿಂಟ್ ತೆಗೆಸಿ. ಪ್ರತಿ ಸರ್ವಿಸ್‌ನಲ್ಲಿ ಬರೆದ ಕಿಲೋಮೀಟರ್ ಏರುತ್ತಾ ಹೋಗಬೇಕು, ಎಲ್ಲಾದರೂ ಇಳಿದಿದ್ದರೆ ಮೀಟರ್ ತಿರುಗಿಸಿದ್ದಾರೆ ಅಂತಲೇ ಅರ್ಥ. ಹಾಗೇ ಚಾಸಿ ನಂಬರ್ ಕೊಟ್ಟು ರೀಕಾಲ್ ಬಾಕಿ ಇದೆಯಾ ಕೇಳಿ. ಸ್ಟಿಯರಿಂಗ್ ಏರ್‌ಬ್ಯಾಗ್ ತಾನಾಗಿಯೇ ತೆರೆದುಕೊಳ್ಳುವ ಅಪಾಯ ಇದೆ ಅಂತ 2017ರಲ್ಲಿ ಕಂಪನಿ ಹಲವು ದೇಶಗಳಲ್ಲಿ ಕಾರುಗಳನ್ನು ವಾಪಸ್ ಕರೆಸಿತ್ತು, ಎ-ಕ್ಲಾಸ್ ಕೂಡ ಅದರಲ್ಲಿತ್ತು.

ಬೆಳಗ್ಗೆ ಹೋಗಿ, ಎಂಜಿನ್ ತಣ್ಣಗಿರಲಿ

ನೀವು ಬರುವ ಮೊದಲು ಸ್ಟಾರ್ಟ್ ಮಾಡಬಾರದು ಅಂತ ಹಿಂದಿನ ದಿನವೇ ಹೇಳಿಡಿ. ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ. ಬಿಸಿ ಇದ್ದರೆ ಇನ್ನೊಂದು ದಿನ ಬನ್ನಿ.

ಪೆಟ್ರೋಲ್ ಎ180ಯಲ್ಲಿರುವುದು 1.6 ಲೀಟರ್ ಟರ್ಬೊ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಒಂದೆರಡು ಸೆಕೆಂಡ್ ಗರಗರ ಅಂತ ಸದ್ದು ಬಂದು ನಿಂತುಬಿಟ್ಟರೆ ಕ್ಯಾಮ್‌ಶಾಫ್ಟ್ ಅಡ್ಜಸ್ಟರ್ (ಎಂಜಿನ್ ವಾಲ್ವ್ ತೆರೆಯುವ ಸಮಯ ಹೊಂದಿಸುವ ಭಾಗ) ಮೇಲೆ ಅನುಮಾನ ಪಡಿ. ಬಿಸಿಯಾದ ಮೇಲೆ ಈ ಸದ್ದಿನ ಸುಳಿವೇ ಇರುವುದಿಲ್ಲ, ಅದಕ್ಕೇ ಬೆಳಗ್ಗೆ ಹೋಗಿ ಅಂದದ್ದು. ಡೀಸೆಲ್‌ನಲ್ಲಿ 2.1 ಲೀಟರ್ ಎಂಜಿನ್, ಗಟ್ಟಿ ಎಂಜಿನ್. ಆದರೆ ಅದರ ಟೈಮಿಂಗ್ ಚೈನ್ (ಎಂಜಿನ್ ಒಳಗಿನ ಭಾಗಗಳನ್ನು ಒಂದೇ ತಾಳದಲ್ಲಿ ತಿರುಗಿಸುವ ಸರಪಳಿ) ಗೇರ್‌ಬಾಕ್ಸ್ ಪಕ್ಕದಲ್ಲಿದೆ. ಚೈನ್ ಸದ್ದು ಬಂದರೆ ತುಂಬಾ ಬಿಚ್ಚಬೇಕು, ಪಾರ್ಟಿಗಿಂತ ಲೇಬರ್ ಚಾರ್ಜೇ ಜಾಸ್ತಿ, ಲಕ್ಷದ ಲೆಕ್ಕಕ್ಕೆ ಹೋಗಬಹುದು. ಕೂಲಂಟ್ ಮಟ್ಟವನ್ನೂ ನೋಡಿ. ವಾಟರ್ ಪಂಪ್ ಸೋರುವುದು ಇದರಲ್ಲಿ ಸಾಮಾನ್ಯ.

ಗೇರ್‌ಬಾಕ್ಸ್: ಇಲ್ಲಿ ಅವಸರ ಬೇಡ

ಕೊಳ್ಳಬೇಕಾ ಬೇಡವಾ ಅನ್ನುವುದು ನನ್ನ ಪ್ರಕಾರ ತೀರ್ಮಾನ ಆಗುವುದು ಇಲ್ಲೇ. ಇದರಲ್ಲಿರುವುದು ಎರಡು ಕ್ಲಚ್ಚಿನ 7 ಸ್ಪೀಡ್ ಆಟೊಮ್ಯಾಟಿಕ್. ಎರಡೂ ಕ್ಲಚ್ ಎಣ್ಣೆಯಲ್ಲೇ ಮುಳುಗಿರುತ್ತವೆ, ಆದ್ದರಿಂದ ಎಣ್ಣೆ ಕೆಟ್ಟರೆ ಕ್ಲಚ್ಚೂ ಕೆಡುತ್ತದೆ. ಸುಮಾರು 60 ಸಾವಿರ ಕಿ.ಮೀ.ಗೆ ಎಣ್ಣೆ ಮತ್ತು ಫಿಲ್ಟರ್ ಬದಲಿಸಬೇಕು. ಖಾಸಗಿ ಗ್ಯಾರೇಜಿನಲ್ಲಿ ಇದಕ್ಕೆ 20ರಿಂದ 35 ಸಾವಿರ ಆಗುತ್ತದೆ, ಹಾಗಾಗಿ ಎಷ್ಟೋ ಜನ ಮಾಡಿಸದೆ ಮಾರಿಬಿಡುತ್ತಾರೆ. "ಗೇರ್ ಆಯಿಲ್ ಲೈಫ್‌ಟೈಮ್ ಸಾರ್" ಅಂದರೆ ನಂಬಬೇಡಿ, ಬಿಲ್ ಕೇಳಿ.

ಇಪ್ಪತ್ತು ನಿಮಿಷ ಓಡಿಸಿ ಪೂರ್ತಿ ಬಿಸಿಯಾಗಲು ಬಿಡಿ. ಆಮೇಲೆ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಸ್ಟಿಯರಿಂಗ್ ಪಕ್ಕದ ಕಡ್ಡಿಯಿಂದ ಡಿಗೆ (ಡ್ರೈವ್) ಹಾಕಿ, ಬ್ರೇಕ್ ಮೇಲಿಂದ ಕಾಲು ನಿಧಾನಕ್ಕೆ ತೆಗೆಯಿರಿ. ಎಕ್ಸಿಲರೇಟರ್ ಮುಟ್ಟದೆಯೇ ಕಾರು ಮೆತ್ತಗೆ ಮುಂದೆ ಹೋಗಬೇಕು. ನಡುಗಿದರೆ, ಅಥವಾ ಸ್ವಲ್ಪ ತಡೆದು ದಬಕ್ಕನೆ ಎಗರಿದರೆ, ಕ್ಲಚ್ ಸವೆದಿರಬಹುದು ಇಲ್ಲವೇ ಒಳಗಿನ ಕಂಟ್ರೋಲ್ ಯೂನಿಟ್ (ಗೇರ್ ಬದಲಿಸುವ ಕಂಪ್ಯೂಟರ್) ತೊಂದರೆ ಇರಬಹುದು. ಡಿಯಿಂದ ರಿವರ್ಸ್, ರಿವರ್ಸ್‌ನಿಂದ ಡಿ, ಹೀಗೆ ನಾಲ್ಕೈದು ಸಲ ಮಾಡಿ. ಬೆಂಗಳೂರಿನ ಸಿಲ್ಕ್ ಬೋರ್ಡ್ ಕಡೆಯ ಸಂಜೆ ಟ್ರಾಫಿಕ್ ಇದಕ್ಕೆ ಒಳ್ಳೆಯ ಪರೀಕ್ಷೆ, ಯಾಕೆಂದರೆ ಒಂದನೇ ಗೇರಿನಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಹೋಗಿ ಬರುವಾಗಲೇ ಗೇರ್‌ಬಾಕ್ಸಿನ ನಿಜವಾದ ಸ್ಥಿತಿ ಗೊತ್ತಾಗುವುದು.

ಕಂಟ್ರೋಲ್ ಯೂನಿಟ್ ಸೆನ್ಸರ್ ಹೋದರೆ ಗೇರು ಬದಲಾಗದೆ ಕಾರು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬೋರ್ಡ್ ರಿಪೇರಿ ಮಾಡುವವರು 40ರಿಂದ 80 ಸಾವಿರ ತೆಗೆದುಕೊಳ್ಳಬಹುದು, ಹೊಸದು ಹಾಕಿಸಿದರೆ ಒಂದೂವರೆ ಲಕ್ಷ ದಾಟುತ್ತದೆ. ಗುಜರಿಯಿಂದ ತಂದು ಹಾಗೇ ಹಾಕಲು ಆಗುವುದಿಲ್ಲ, ಕಳ್ಳತನ ತಡೆಯಲು ಅದನ್ನು ಆಯಾ ಕಾರಿಗೆ ಕೋಡಿಂಗ್ ಮಾಡಿರುತ್ತಾರೆ.

ಲಿಫ್ಟ್ ಮೇಲೆ ಎತ್ತಿಸಿ ನೋಡಿ

ಈ ಕಾರು ತಗ್ಗು, ನಮ್ಮ ಹಂಪುಗಳು ಎತ್ತರ. ಕೆಳಗಿನ ಪ್ಲಾಸ್ಟಿಕ್ ಕವರ್ ಒಡೆದಿದ್ದರೆ ಪರವಾಗಿಲ್ಲ, ಆಯಿಲ್ ಸಂಪ್‌ಗೆ (ಎಂಜಿನ್ ಆಯಿಲ್ ನಿಲ್ಲುವ ತಳದ ತೊಟ್ಟಿ) ಪೆಟ್ಟು ಬಿದ್ದಿದೆಯಾ ಅನ್ನುವುದು ಮುಖ್ಯ. ಮುಂದಿನ ಚಕ್ರ ಹಿಡಿಯುವ ಲೋವರ್ ಆರ್ಮ್‌ನ ರಬ್ಬರ್ ಬುಷ್ ಬಿರಿದಿದ್ದರೆ ಗುಂಡಿಯಲ್ಲಿ ಕಟಕಟ ಅನ್ನುತ್ತದೆ. ಎರಡೂ ಕಡೆ ಆರ್ಮ್ ಬದಲಿಸಲು 20–40 ಸಾವಿರ ಇಟ್ಟುಕೊಳ್ಳಿ, ಶಾಕ್ ಅಬ್ಸಾರ್ಬರ್ ಕೂಡ ಹೋಗಿದ್ದರೆ ಇದರ ದುಪ್ಪಟ್ಟು. 17 ಇಂಚಿನ ಟೈರ್ ಒಂದಕ್ಕೆ 9ರಿಂದ 15 ಸಾವಿರ. ಮುಂದಿನ ಬ್ರೇಕ್ ಡಿಸ್ಕ್, ಪ್ಯಾಡ್ ಎರಡೂ ಸೇರಿ 25–40 ಸಾವಿರ.

ನೀರಲ್ಲಿ ಮುಳುಗಿದ ಗಾಡಿಯ ಬಗ್ಗೆ ತುಂಬಾ ಎಚ್ಚರ. 2015ರ ಡಿಸೆಂಬರ್‌ನಲ್ಲಿ ಚೆನ್ನೈ, 2022ರ ಸೆಪ್ಟೆಂಬರ್‌ನಲ್ಲಿ ನಮ್ಮ ಬೆಳ್ಳಂದೂರು, ಯಮಲೂರು ಕಡೆ ದುಬಾರಿ ಕಾರುಗಳೇ ನೀರಲ್ಲಿ ನಿಂತಿದ್ದವು. ಸೀಟ್ ಬೆಲ್ಟ್ ಕೊನೆಯವರೆಗೆ ಎಳೆಯಿರಿ, ಬುಡದಲ್ಲಿ ಕೆಸರಿನ ಗೆರೆ ಇದ್ದರೆ ಗೊತ್ತಾಗುತ್ತದೆ. ಸೀಟಿನ ಕೆಳಗಿನ ಕಂಬಿಗೆ ತುಕ್ಕು, ಕಾರ್ಪೆಟ್ ಅಡಿಯಲ್ಲಿ ಮುಗ್ಗಲು ವಾಸನೆ, ವೈರ್ ಕನೆಕ್ಟರಿಗೆ ಹಸಿರು ಪಾಚಿ ಥರ ಹಿಡಿದಿರುವುದು ಕಂಡರೆ, ಎಷ್ಟೇ ಅಗ್ಗ ಆದರೂ ಬೇಡ. ವೈರಿಂಗ್ ರಿಪೇರಿಗೆ ಕೊನೆ ಅನ್ನುವುದೇ ಇಲ್ಲ.

ಸ್ಕ್ಯಾನ್ ಮಾಡಿಸದೆ ಅಡ್ವಾನ್ಸ್ ಕೊಡಬೇಡಿ

ಕಾರಿನ ಕಂಪ್ಯೂಟರ್ ದೋಷಗಳನ್ನು ಎರರ್ ಕೋಡ್ ಆಗಿ ಬರೆದಿಡುತ್ತದೆ, ಅಗ್ಗದ ಸ್ಕ್ಯಾನರ್ ಎಂಜಿನ್ ಕೋಡ್ ಅಷ್ಟೇ ಓದುತ್ತದೆ. ಗೇರ್‌ಬಾಕ್ಸ್, ಏರ್‌ಬ್ಯಾಗ್ ಎಲ್ಲ ಓದಬೇಕಾದರೆ ಬೆಂಜ್ ಸ್ಕ್ಯಾನರ್ ಇರುವ ಗ್ಯಾರೇಜೇ ಬೇಕು. ಕೆಲವು ಸಾವಿರ ಹೋಗುತ್ತದೆ, ಹೋಗಲಿ. ಎರರ್ ಒಂದೂ ಇಲ್ಲ ಅಂತ ಬಂದರೂ, ಕೋಡ್‌ಗಳನ್ನು ಈಗಷ್ಟೇ ಅಳಿಸಿದ್ದಾರಾ ಅಂತ ಮೆಕ್ಯಾನಿಕ್ಕನ್ನು ಕೇಳಿ. ಅಳಿಸಿದ್ದರೆ ಕಾರಿನ ಸ್ವಯಂ ಪರೀಕ್ಷೆಗಳು ಪೂರ್ತಿಯಾಗಿರುವುದಿಲ್ಲ, ಅವರಿಗೆ ಅದು ಕಾಣುತ್ತದೆ.

ಬ್ಯಾಟರಿ ಎಚ್ಚರಿಕೆ ಬಂದರೆ ಹೆದರಬೇಡಿ. ದೊಡ್ಡ ಬ್ಯಾಟರಿ ಎಜಿಎಂ ಮಾದರಿಯದು, 15–25 ಸಾವಿರ. ಜೊತೆಗೊಂದು ಪುಟ್ಟ ಬ್ಯಾಟರಿಯೂ ಇದೆ, ಅದಕ್ಕೆ ಖರ್ಚು ಕಡಿಮೆ. ಮಾರುವವರಿಗೂ ಎಷ್ಟೋ ಸಲ ಇದು ಗೊತ್ತಿರುವುದಿಲ್ಲ.

ಬ್ರೇಕ್, ಫಿಲ್ಟರ್, ಬುಷ್ ಥರದ ಪಾರ್ಟುಗಳನ್ನು ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ. ಬಾಷ್, ಮಾನ್, ಲೆಮ್‌ಫೋರ್ಡರ್ ಬ್ರ್ಯಾಂಡಿನವು ಕಂಪನಿ ಡಬ್ಬಿಗಿಂತ ಎಷ್ಟೋ ಅಗ್ಗ, ಗುಣಮಟ್ಟವೂ ಚೆನ್ನಾಗಿದೆ. ಹೆಡ್‌ಲೈಟ್, ಕನ್ನಡಿ, ಬಂಪರ್‌ಗೆ ಶಿವಾಜಿನಗರದ ಗುಜರಿ ನೋಡಬಹುದು. ಗೇರ್‌ಬಾಕ್ಸ್ ಕೆಲಸ ಮಾತ್ರ ಈ ಕಾರಿನ ಅನುಭವ ಇರುವವರ ಕೈಗೇ ಕೊಡಿ.

ಇಷ್ಟೆಲ್ಲ ನೋಡಿದ ಮೇಲೂ ಕಾರಿನ ಬೆಲೆಯ ಹೊರತಾಗಿ ಎರಡು ಲಕ್ಷ ಕೈಯಲ್ಲಿರಲಿ. ಇಲ್ಲದಿದ್ದರೆ ಒಂದು ವರ್ಷ ತಡೆಯಿರಿ ಅಂತಲೇ ನಾನು ಹೇಳುವುದು. ಫಾರಂ 29, 30ಕ್ಕೆ ಮಾರುವವರ ಸಹಿ ಹಾಕಿಸಿಕೊಂಡು ಆರ್‌ಸಿ ವರ್ಗಾವಣೆಗೆ ಕೊಡಿ, ಇನ್ಶೂರೆನ್ಸನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಮಾಡಿಸುವಾಗ ಎಂಜಿನ್ ಪ್ರೊಟೆಕ್ಟ್ (ನೀರು ನುಗ್ಗಿ ಎಂಜಿನ್ ಕೆಟ್ಟರೆ ಖರ್ಚು ಕೊಡುವ ಹೆಚ್ಚುವರಿ ವಿಮೆ) ಸೇರಿಸಲು ಆಗುತ್ತದೆಯಾ ಕೇಳಿ, ಮಳೆಗಾಲದಲ್ಲಿ ಅಂಡರ್‌ಪಾಸ್ ದಾಟುವ ಊರಿನಲ್ಲಿ ಅದು ಬೇಕೇ ಬೇಕು.