ಪಸ್ತಿಲಾ ಕೊಳ್ಳುವ ಮುನ್ನ ಪೊಟ್ಟಣದ ಹಿಂಬದಿ ಓದಿ

ರಷ್ಯಾದಲ್ಲಿ ಓದುತ್ತಿರುವ ನಮ್ಮ ಮಕ್ಕಳು ಊರಿಗೆ ಬರುವಾಗ ಪಸ್ತಿಲಾ ಎಂಬ ಸೇಬಿನ ಸಿಹಿತಿನಿಸು ತರುವುದುಂಟು. ತುಲಾ ಪ್ರಾಂತ್ಯದ ಬೆಲ್ಯೋವ್ ಮತ್ತು ಮಾಸ್ಕೋ ಸಮೀಪದ ಕೊಲೋಮ್ನಾ ಇದಕ್ಕೆ ಹೆಸರುವಾಸಿ. ಅಂತೋನೊವ್ಕಾ ಎಂಬ ಹುಳಿ ಸೇಬನ್ನು ಬೇಯಿಸಿ, ಜರಡಿ ಹಿಡಿದು, ಸಕ್ಕರೆ ಮತ್ತು ಮೊಟ್ಟೆಯ ಬಿಳಿಯೊಂದಿಗೆ ಬೆಳ್ಳಗೆ ಉಬ್ಬುವವರೆಗೂ ಕಡೆದು, ಸಣ್ಣ ಕಾವಿನಲ್ಲಿ ಗಂಟೆಗಟ್ಟಲೆ ಒಣಗಿಸುತ್ತಾರೆ. ಕತ್ತರಿಸಿದರೆ ಒಳಗೆ ಸ್ಪಂಜಿನಂತಹ ಕಂದು ಪದರಗಳು. ಬಾಯಲ್ಲಿಟ್ಟರೆ ಮೊದಲು ಹುಳಿ, ಆಮೇಲೆ ಸಿಹಿ.

ಹೌದು, ಮೊಟ್ಟೆ ಇರುತ್ತದೆ. ಮೊಟ್ಟೆ ತಿನ್ನದವರಿಗೆ ಇದನ್ನು ಮೊದಲೇ ಹೇಳಿಬಿಡಿ, ದಯವಿಟ್ಟು. ಪದಾರ್ಥಗಳ ಪಟ್ಟಿಯಲ್ಲಿ ‘ಬೆಲೋಕ್’ ಎಂದಿದ್ದರೆ ಅದು ಬಿಳಿಭಾಗ.

ಬೆಣ್ಣೆ ಹಾಕದ ಕಾರಣ ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ಸೇಬಿನ ಪೆಕ್ಟಿನ್ ಎಂಬ ನಾರಿನಂಶವೂ ಸಿಗುತ್ತದೆ. ಹಾಗೆಂದು ಹಣ್ಣು ತಿಂದಂತೆ ತಿನ್ನಬೇಡಿ: ಸಾಮಾನ್ಯ ಪಸ್ತಿಲಾದ 100 ಗ್ರಾಂನಲ್ಲಿ ಸುಮಾರು 300 ಕ್ಯಾಲೊರಿ, ಹೆಚ್ಚಿನದೆಲ್ಲ ಸಕ್ಕರೆಯಿಂದಲೇ. ಪಟ್ಟಿಯಲ್ಲಿ ‘ಸಾಖರ್’, ಅಂದರೆ ಸಕ್ಕರೆ, ‘ಯಾಬ್ಲೊಕೊ’, ಅಂದರೆ ಸೇಬಿಗಿಂತ ಮೊದಲು ಬಂದಿದ್ದರೆ ಅದರಲ್ಲಿ ಸೇಬಿಗಿಂತ ಸಕ್ಕರೆಯೇ ಹೆಚ್ಚು, ಅಂಥದ್ದನ್ನು ನಾನು ಕೊಳ್ಳುವುದಿಲ್ಲ. ‘ಬೆಜ್ ಸಾಖರಾ’ ಎಂದರೆ ಸಕ್ಕರೆ ಹಾಕಿಲ್ಲ ಎಂದು. ಆದರೆ ಹಣ್ಣಿನ ಸಕ್ಕರೆ ಅದರಲ್ಲೂ ಇರುತ್ತದೆ, ಮಧುಮೇಹಿಗಳು ಒಂದು ತೆಳು ತುಂಡಿಗೇ ನಿಲ್ಲಿಸಿ. ತೆರೆದ ಪೊಟ್ಟಣವನ್ನು ಗಾಳಿಯಾಡದ ಡಬ್ಬಿಯಲ್ಲಿಡಿ. ಮಳೆಗಾಲದಲ್ಲಿ ಬೇಗ ಅಂಟಂಟಾಗುತ್ತದೆ.