ಮಳೆಗಾಲದಲ್ಲಿ ಮನೆಯಂಗಳದಲ್ಲೇ ಕ್ಲಚ್ ಪ್ಲೇಟ್ ಬದಲಿಸಿದೆ

ಉಡುಪಿಯ ಇಂದ್ರಾಳಿ ದಾಟಿ ಮಣಿಪಾಲದ ಏರು ಹತ್ತುವಾಗ ಎಂಜಿನ್ ಸದ್ದು ಏರಿತು, ಕಾರು ಏರಲಿಲ್ಲ. ಆಕ್ಸಿಲರೇಟರ್ ಒತ್ತಿದಷ್ಟೂ ಸದ್ದು ಜಾಸ್ತಿ, ವೇಗ ಅಷ್ಟೇ. ಮೇಲೆ ತಲುಪುವಷ್ಟರಲ್ಲಿ ಸುಟ್ಟ ವಾಸನೆ ಕಾರಿನೊಳಗೆಲ್ಲ ತುಂಬಿತ್ತು. ಎಂಜಿನ್ನಿನ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸುವ ಕ್ಲಚ್ ಜಾರುತ್ತಿದೆ ಅಂತ ಅಲ್ಲೇ ಅನಿಸಿತು.

ನಮ್ಮದು 2006ರ ಮಾರುತಿ 800. ಅಪ್ಪ ಕೊಂಡದ್ದು. ನಾನು ಡ್ರೈವಿಂಗ್ ಕಲಿತದ್ದು ಅದರಲ್ಲೇ. ಪ್ರತಿ ವರ್ಷ ಅಮ್ಮನನ್ನು ಆಗುಂಬೆ ಘಾಟಿ ಹತ್ತಿಸಿ ತವರಿಗೆ ಕರೆದುಕೊಂಡು ಹೋಗುವುದೂ ಅದರಲ್ಲೇ. ಒಂದು ಗ್ಯಾರೇಜಿಗೆ ಒಯ್ದು ತೋರಿಸಿದೆ. "ಇದಕ್ಕೆ ಇನ್ನು ದುಡ್ಡು ಹಾಕುವುದು ಯಾಕೆ, ಗುಜರಿಗೆ ಕೊಡಿ" ಅಂದರು. ಆ ಮಾತು ನನಗೆ ಬೇಸರ ತಂದಿತು. ಈ ಕಾರಿನ ತಯಾರಿ 2014ರ ಜನವರಿಯಲ್ಲಿ ನಿಂತಿದೆ, ನಿಜ. ಆದರೆ ಬಿಡಿಭಾಗ ಈಗಲೂ ಸಿಗುತ್ತದೆ. ನಾನೇ ಮಾಡುತ್ತೇನೆ ಅಂತ ಮನೆಗೆ ತಂದು ನಿಲ್ಲಿಸಿದೆ. ಅದಕ್ಕೆ ಮೊದಲು ನಾನು ಕಾರಿನಲ್ಲಿ ಮಾಡಿದ ದೊಡ್ಡ ಕೆಲಸ ಅಂದರೆ ಬ್ರೇಕ್ ಶೂ ಬದಲಿಸಿದ್ದು.

ಕ್ಲಚ್ ಜಾರುತ್ತಿದೆ ಅನಿಸಿದ ಕೂಡಲೇ ಗೇರ್‌ಬಾಕ್ಸ್ ಇಳಿಸಬೇಡಿ. ಮೊದಲು ಪೆಡಲ್ ನೋಡಿ. ಕಾಲಿಟ್ಟಾಗ ಶುರುವಿನಲ್ಲಿ ಸುಮಾರು 20 ಮಿಲಿಮೀಟರ್ ಸುಮ್ನೆ ಆಡಬೇಕು. ಆ ಆಟ ಇಲ್ಲದಿದ್ದರೆ ಕೇಬಲ್ ಯಾವಾಗಲೂ ಎಳೆದೇ ಇರುತ್ತದೆ. ಆಗ ಒಳ್ಳೆ ಪ್ಲೇಟೂ ಜಾರುತ್ತದೆ. ನಾನು ಕೇಬಲ್ ಸಡಿಲಿಸಿ ನೋಡಿದೆ, ವ್ಯತ್ಯಾಸ ಆಗಲಿಲ್ಲ. ಆಮೇಲೆ ಹ್ಯಾಂಡ್ ಬ್ರೇಕ್ ಪೂರ್ತಿ ಎಳೆದು, ಮೂರನೇ ಗೇರಿಗೆ ಹಾಕಿ, ಕ್ಲಚ್ ಮೆಲ್ಲ ಬಿಟ್ಟೆ. ಕ್ಲಚ್ ಸರಿ ಇದ್ದರೆ ಎಂಜಿನ್ ಆಫ್ ಆಗಬೇಕು. ನಮ್ಮದು ಆರಾಮಾಗಿ ಓಡುತ್ತಲೇ ಇತ್ತು. ಪ್ಲೇಟ್ ಸವೆದಿದೆ ಅಂತ ಖಾತ್ರಿಯಾಯಿತು.

ಜೂನ್ ತಿಂಗಳು. ವರ್ಷಕ್ಕೆ 4,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರು ನಮ್ಮದು. ಅಂಗಳಕ್ಕೆ ಶೀಟ್ ಹಾಕಿಸಿದ್ದರಿಂದ, ಕೆಳಗೆ ಕಾಂಕ್ರೀಟ್ ಇದ್ದುದರಿಂದ ಧೈರ್ಯ ಮಾಡಿದೆ. ಪ್ಲೇಟ್, ಅದನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್, ಪೆಡಲ್ ತುಳಿದಾಗ ಆ ಒತ್ತು ಬಿಡಿಸುವ ರಿಲೀಸ್ ಬೇರಿಂಗ್ ಮೂರನ್ನೂ ಸೆಟ್ಟಾಗಿ ತಂದೆ. ಇಷ್ಟು ಬಿಚ್ಚಿದ ಮೇಲೆ ಹಳೆ ಬೇರಿಂಗ್ ಉಳಿಸಿ ಏನು ಪ್ರಯೋಜನ, ಅಲ್ವಾ? ಮಂಗಳೂರಿಗೆ ಹೋದಾಗ ಎರಡು ಜಾಕ್ ಸ್ಟ್ಯಾಂಡ್ ಕೂಡ ತಂದೆ.

ಆ ಸ್ಟ್ಯಾಂಡಿನ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಕಡೆ ಎಲ್ಲರ ಮನೆ ಹಿಂದೆಯೂ ನಾಲ್ಕು ಕೆಂಪುಕಲ್ಲು ಬಿದ್ದಿರುತ್ತವೆ. ಕಾರು ಎತ್ತಿ ಅಡಿಗೆ ಅದನ್ನೇ ಇಡುವವರನ್ನು ನಾನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಅದು ಗೋಡೆ ಕಟ್ಟುವ ಕಲ್ಲು. ಒಂದೇ ಜಾಗಕ್ಕೆ ಭಾರ ಬಿದ್ದರೆ ಯಾವ ಸೂಚನೆಯೂ ಕೊಡದೆ ಒಡೆಯುತ್ತದೆ. ಬರೀ ಜಾಕ್ ನಂಬಿಯೂ ಕೆಳಗೆ ನುಗ್ಗಬಾರದು. ನಾನು ಸ್ಟ್ಯಾಂಡ್ ಇಟ್ಟು, ಹಿಂದಿನ ಚಕ್ರಗಳಿಗೆ ಮರದ ಅಡ್ಡೆ ಕೊಟ್ಟು, ಕಾರನ್ನು ಕೈಯಲ್ಲಿ ಜೋರಾಗಿ ಅಲುಗಾಡಿಸಿ ನೋಡಿದ ಮೇಲೆಯೇ ಅಡಿಗೆ ಹೋದದ್ದು.

ಮೇಲಿನ ಕೆಲಸ ಬೇಗ ಮುಗಿಯಿತು. ಬ್ಯಾಟರಿಯ ಮೈನಸ್ ವಯರ್, ಕ್ಲಚ್ ಕೇಬಲ್, ಸ್ಪೀಡೋಮೀಟರ್ ಕೇಬಲ್, ರಿವರ್ಸ್ ಲೈಟಿನ ವಯರ್, ಸ್ಟಾರ್ಟರ್ ಮೋಟಾರ್. ಬಿಚ್ಚುವ ಮೊದಲು ಪ್ರತಿಯೊಂದರದ್ದೂ ಮೊಬೈಲಿನಲ್ಲಿ ಫೋಟೋ ತೆಗೆದೆ. ಮನೆಯಲ್ಲಿ ಅಡಿಕೆ ಹಾಳೆಯ ಬಟ್ಟಲುಗಳಿದ್ದವು. ಒಂದೊಂದು ಭಾಗದ ಬೋಲ್ಟನ್ನು ಒಂದೊಂದು ಬಟ್ಟಲಿಗೆ ಹಾಕಿ, ಅಂಚಿನಲ್ಲಿ ಪೆನ್ನಿನಿಂದ ಹೆಸರು ಬರೆದೆ. ಕೊನೆಗೆ ಒಂದು ಬೋಲ್ಟೂ ಹೆಚ್ಚು ಕಡಿಮೆ ಆಗಲಿಲ್ಲ.

ಕಷ್ಟ ಶುರುವಾದದ್ದು ಚಕ್ರದ ಹತ್ತಿರ. ಗೇರ್‌ಬಾಕ್ಸ್ ಇಳಿಯಬೇಕಾದರೆ ಅದರಿಂದ ಮುಂದಿನ ಚಕ್ರಗಳಿಗೆ ಹೋಗುವ ಎರಡೂ ಡ್ರೈವ್ ಶಾಫ್ಟ್ ಹೊರಗೆ ಬರಬೇಕು. ಅದಕ್ಕೆ ಚಕ್ರದ ಕೆಳಗಿನ ಕೀಲನ್ನು, ಅಂದರೆ ಬಾಲ್ ಜಾಯಿಂಟನ್ನು ಬಿಡಿಸಬೇಕು. ಅದನ್ನು ಹಿಡಿದಿರುವುದು ಒಂದೇ ಒಂದು ಬೋಲ್ಟ್. ಬಲಗಡೆಯದ್ದು ಹೇಗೋ ಬಂತು. ಎಡಗಡೆಯದ್ದು ಒಂದು ಕೂದಲಿನಷ್ಟೂ ಕದಲಲಿಲ್ಲ.

ಸಮುದ್ರದಿಂದ ನಮ್ಮ ಮನೆಗೆ ಎರಡು ಕಿಲೋಮೀಟರ್ ಇಲ್ಲ. ಗಾಳಿಯಲ್ಲೇ ಉಪ್ಪು. ಮೇಲೆ ಮಳೆಗಾಲ ಇಡೀ ರಸ್ತೆಯ ಕೆಸರು ನೀರು. ಇಲ್ಲಿ ಬೋಲ್ಟು ಮತ್ತು ಕಬ್ಬಿಣ ತುಕ್ಕು ಹಿಡಿದು ಒಂದೇ ಆಗಿಬಿಡುತ್ತವೆ. ಘಟ್ಟದ ಮೇಲಿನವರು ಒಂದು ದಿನದಲ್ಲಿ ಮುಗಿಸಿದೆ ಅಂದದ್ದು ನಮಗೆ ನಾಲ್ಕು ದಿನ ಹಿಡಿಯುವುದು ಇದರಿಂದಲೇ.

ನಾನು ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಜಗ್ಗುತ್ತಿದ್ದಾಗ ನೆರೆಮನೆಯ ಅಣ್ಣ ಬಂದರು. ಅವರು ಮಲ್ಪೆಯ ಮೀನುಗಾರಿಕೆ ಬೋಟೊಂದರಲ್ಲಿ ತಾಂಡೇಲ, ಅಂದರೆ ಬೋಟು ನಡೆಸುವವರು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಮೀನಿಗೆ ಕಡಲಿಗೆ ಇಳಿಯುವಂತಿಲ್ಲ, ಹಾಗಾಗಿ ಮನೆಯಲ್ಲೇ ಇದ್ದರು. ಸ್ವಲ್ಪ ಹೊತ್ತು ನೋಡಿ, "ನಿಲ್ಲಿಸು ಮಾರಾಯ, ತುಂಡಾದರೆ ಮತ್ತೆ ಡ್ರಿಲ್ ಹಾಕಬೇಕಾದೀತು" ಅಂದರು. ಬೋಟಿನಲ್ಲಿ ಇಂಥ ಬೋಲ್ಟು ದಿನಾ ನೋಡಿದವರು ಅವರು.

ಅವರು ಹೇಳಿದಂತೆ ಮಾಡಿದೆ. ತಂತಿ ಬ್ರಷ್‌ನಿಂದ ಹೊರಗೆ ಕಾಣುವ ಮರೆಯನ್ನೆಲ್ಲ (ಬೋಲ್ಟಿನ ಸುರುಳಿ ಗೆರೆಗಳನ್ನು) ಉಜ್ಜಿದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು, ಬೋಲ್ಟಿನ ತಲೆಗೆ ಸುತ್ತಿಗೆಯಿಂದ ಸಣ್ಣ ಸಣ್ಣ ಪೆಟ್ಟು ಕೊಟ್ಟೆ. ಪೆಟ್ಟಿನ ಅದುರಿಗೆ ಎಣ್ಣೆ ಒಳಗೆ ಇಳಿಯುತ್ತದೆ. ಸಂಜೆ ಮತ್ತೊಮ್ಮೆ, ಮಲಗುವ ಮೊದಲು ಮತ್ತೊಮ್ಮೆ. ಬೆಂಕಿ ತೋರಿಸುವ ಯೋಚನೆಯೂ ಬಂದಿತ್ತು, ಆದರೆ ಪಕ್ಕದಲ್ಲೇ ಬಾಲ್ ಜಾಯಿಂಟಿನ ರಬ್ಬರ್ ಇದೆ. ಬಿಟ್ಟೆ. ಹನ್ನೆರಡು ಮೂಲೆಯ ಸಾಕೆಟ್ ಬದಿಗಿಟ್ಟು ಆರು ಮೂಲೆಯದ್ದು ತಂದೆ, ಅದು ಬೋಲ್ಟಿನ ತಲೆಯನ್ನು ಅಷ್ಟು ಸುಲಭದಲ್ಲಿ ಸವೆಸುವುದಿಲ್ಲ.

ಮರುದಿನ ಬೆಳಿಗ್ಗೆ ಅಣ್ಣ ಹೇಳಿದರು, "ಬಿಚ್ಚುವ ಮೊದಲು ಒಂದು ಚೂರು ಬಿಗಿ ಮಾಡಿ ನೋಡು." ಬಿಗಿ ಮಾಡಿದೆ. ಟಕ್ ಅಂತ ಸದ್ದು ಬಂತು. ತುಕ್ಕು ಒಡೆದಿತ್ತು. ಆಮೇಲೆ ಕಾಲು ಸುತ್ತು ಬಿಚ್ಚುವುದು, ಅರ್ಧದಷ್ಟು ವಾಪಸ್ ಬಿಗಿ ಮಾಡುವುದು, ಸ್ಪ್ರೇ ಹೊಡೆಯುವುದು. ಒಂದೇ ಬೋಲ್ಟಿಗೆ ಮುಕ್ಕಾಲು ಗಂಟೆ. ಆದರೆ ಇಡಿಯಾಗಿ ಬಂತು. ಆ ಖುಷಿ ಪೂರ್ತಿ ಕೆಲಸ ಮುಗಿದಾಗಲೂ ನನಗೆ ಆಗಲಿಲ್ಲ.

ಗೇರ್ ಆಯಿಲ್ ಮೊದಲೇ ಕ್ಯಾನಿಗೆ ಇಳಿಸಿದ್ದೆ. ಇಲ್ಲದಿದ್ದರೆ ಶಾಫ್ಟ್ ಎಳೆದ ಕೂಡಲೇ ಅಂಗಳಕ್ಕೆ ಸುರಿಯುತ್ತದೆ. ನಮ್ಮ ಬಾವಿ ಹತ್ತು ಹೆಜ್ಜೆ ದೂರದಲ್ಲಿದೆ. ಹಳೆ ಆಯಿಲನ್ನು ತೆಂಗಿನ ಬುಡಕ್ಕೋ ತೋಡಿಗೋ ಚೆಲ್ಲದೆ, ಹಳೆ ಆಯಿಲ್ ಒಟ್ಟು ಮಾಡುವ ಗ್ಯಾರೇಜಿಗೆ ಕೊಟ್ಟೆ.

ಗೇರ್‌ಬಾಕ್ಸ್ ಇಳಿಸಿದರೆ ಎಂಜಿನ್ನಿನ ಒಂದು ಬದಿಗೆ ಆಧಾರ ಇರುವುದಿಲ್ಲ. ಎಂಜಿನ್ನಿನ ಅಡಿಗೆ ಹಲಸಿನ ಹಲಗೆ ಇಟ್ಟು ಜಾಕ್ ಕೊಟ್ಟೆ. ಹಲಗೆ ಇಲ್ಲದಿದ್ದರೆ ಎಂಜಿನ್ನಿನ ಅಡಿಯ ಆಯಿಲ್ ಚೇಂಬರ್ ನೆಗ್ಗಿಹೋಗುತ್ತದೆ. ಸುತ್ತಲಿನ ಬೋಲ್ಟು ತೆಗೆದು, ನಾನೂ ಅಣ್ಣನೂ ಸೇರಿ ಗೇರ್‌ಬಾಕ್ಸನ್ನು ನೇರವಾಗಿ ಪಕ್ಕಕ್ಕೆ ಎಳೆದು ಇಳಿಸಿದೆವು. ಒಂದು ಸಣ್ಣ ಅಕ್ಕಿ ಮೂಟೆಯಷ್ಟು ಭಾರ ಅನಿಸಿತು. ಒಬ್ಬರೇ ಈ ಹಂತಕ್ಕೆ ಕೈ ಹಾಕಬೇಡಿ.

ಹಳೆ ಪ್ಲೇಟ್ ಕೈಗೆ ಬಂದಾಗ ಎಲ್ಲ ಅರ್ಥವಾಯಿತು. ಪ್ಲೇಟಿನ ಮೇಲೆ ಉಜ್ಜಿ ಹಿಡಿಯುವ ಪದರ ಇರುತ್ತದಲ್ಲ, ಆ ಲೈನಿಂಗಿನ ಮೇಲ್ಮೈಯಿಂದ ರಿವೆಟ್‌ಗಳ ತಲೆ ಕನಿಷ್ಠ ಅರ್ಧ ಮಿಲಿಮೀಟರ್ ಆಳದಲ್ಲಿರಬೇಕು. ನಮ್ಮದರಲ್ಲಿ ಮೇಲ್ಮೈಗೆ ಸಮ ಬಂದು ಹೊಳೆಯುತ್ತಿದ್ದವು. ಪ್ಲೇಟ್ ಒಣಗಿಯೇ ಇತ್ತು. ಆಯಿಲ್ ತಾಗಿದ್ದರೆ ಸೀಲ್ ಸೋರುತ್ತಿದೆ ಅಂತ ಅರ್ಥ. ಅದನ್ನು ಬದಲಿಸದೆ ಹೊಸ ಪ್ಲೇಟ್ ಹಾಕಿದರೆ ಅದೂ ಹಾಳು. ಪ್ಲೇಟ್ ಒತ್ತಿ ಕೂರುವ ಎಂಜಿನ್ನಿನ ಭಾರದ ಚಕ್ರ, ಅಂದರೆ ಫ್ಲೈವೀಲ್ ಮೇಲೆ ತೆಳುವಾದ ಗೆರೆಗಳಿದ್ದವು. ಎಮರಿ ಪೇಪರಿನಿಂದ ಉಜ್ಜಿ, ಪೆಟ್ರೋಲ್ ಬಟ್ಟೆಯಿಂದ ಒರೆಸಿದೆ.

ಹೊಸ ಪ್ಲೇಟನ್ನು ಸರಿಯಾಗಿ ನಡುವಿಗೆ ಕೂರಿಸುವುದೇ ಜಾಣ್ಮೆಯ ಕೆಲಸ. ಅದಕ್ಕೆ ಬೇರೆಯೇ ಟೂಲ್ ಬರುತ್ತದೆ, ನನ್ನಲ್ಲಿ ಇರಲಿಲ್ಲ. ಸಾಕೆಟ್ ಸೆಟ್ಟಿನ ಉದ್ದ ರಾಡಿಗೆ ಇನ್ಸುಲೇಷನ್ ಟೇಪ್ ಸುತ್ತುತ್ತಾ ಹೋದೆ. ತುದಿ ಫ್ಲೈವೀಲ್ ನಡುವಿನ ಸಣ್ಣ ಬೇರಿಂಗಿನಲ್ಲಿ, ಮೇಲಿನ ಭಾಗ ಪ್ಲೇಟಿನ ಹಲ್ಲುಗಳಲ್ಲಿ ಬಿಗಿಯಾಗಿ ಕೂರುವಷ್ಟು. ಅದರ ಮೇಲೆ ಪ್ರೆಶರ್ ಪ್ಲೇಟಿನ ಬೋಲ್ಟುಗಳನ್ನು ಎದುರು ಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿದೆ. ಹಲ್ಲುಗಳಿಗೆ ಗ್ರೀಸ್ ಬೆರಳ ತುದಿಯಷ್ಟು ಸಾಕು. ಜಾಸ್ತಿಯಾದರೆ ತಿರುಗುವಾಗ ಸಿಡಿದು ಲೈನಿಂಗಿಗೇ ತಾಗುತ್ತದೆ.

ಆದರೂ ಗೇರ್‌ಬಾಕ್ಸ್ ವಾಪಸ್ ಹೋಗುವಾಗ ಕೊನೆಯ ಒಂದು ಬೆರಳಿನಷ್ಟು ಅಂತರದಲ್ಲಿ ನಿಂತುಬಿಟ್ಟಿತು. ಬೋಲ್ಟು ಹಾಕಿ ಬಿಗಿದು ಎಳೆಯೋಣ ಅಂತ ಕೈ ಮುಂದೆ ಹೋಗಿತ್ತು. ಹಾಗೆ ಮಾಡಿದರೆ ಹೊಸ ಪ್ಲೇಟಿನ ನಡುಭಾಗ ಬಾಗುತ್ತದೆ, ಗೇರ್‌ಬಾಕ್ಸಿನಲ್ಲಿ ಬೋಲ್ಟು ಕೂರುವ ಕಿವಿ ಮುರಿದರೂ ಮುರಿಯಿತು. ಹಿಂದಕ್ಕೆ ಎಳೆದೆವು. ಜಾಕನ್ನು ಒಂದು ಚೂರು ಇಳಿಸಿ ಎರಡೂ ಮುಖ ಸಮಾಂತರ ಮಾಡಿದೆವು. ಅಣ್ಣ ಗೇರ್‌ಬಾಕ್ಸ್ ಹಿಡಿದರು, ನಾನು ಎಂಜಿನ್ನಿನ ಇನ್ನೊಂದು ತುದಿಯ ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಹಾಕಿ ಎಂಜಿನ್ನನ್ನು ಮೆಲ್ಲ ತಿರುಗಿಸಿದೆ. ಹಲ್ಲಿಗೆ ಹಲ್ಲು ಸೇರಿದ ಕೂಡಲೇ ತಾನಾಗಿ ಒಳಗೆ ಹೋಗಿ ಕೂತಿತು.

ಉಳಿದದ್ದು ಬಿಚ್ಚಿದ್ದನ್ನು ಹಿಂದಿನಿಂದ ಮುಂದಕ್ಕೆ ಜೋಡಿಸುವುದು. ಗೇರ್‌ಬಾಕ್ಸಿನ ಬದಿಯ ಲೆವೆಲ್ ಪ್ಲಗ್ ತೂತಿನಿಂದ ಹೊರಗೆ ಬರುವವರೆಗೆ ಹೊಸ ಗೇರ್ ಆಯಿಲ್ ತುಂಬಿಸಿದೆ. ಪೆಡಲ್ ಆಟ ಮತ್ತೆ 20 ಮಿಲಿಮೀಟರಿಗೆ ಇಟ್ಟೆ. ಬಾಲ್ ಜಾಯಿಂಟಿಗೆ ಎರಡೂ ಕಡೆ ಹೊಸ ಬೋಲ್ಟು ಹಾಕಿ, ಮರೆಗೆ ತೆಳುವಾಗಿ ಗ್ರೀಸ್ ಹಚ್ಚಿದೆ. ಮೊದಲ ಕೆಲವು ದಿನ ಏರು ಹತ್ತಿಸದೆ, ಭಾರ ಹೇರದೆ ಓಡಿಸಿದೆ. ಆಮೇಲೆ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಣಿಪಾಲದ ಏರು ಹತ್ತಿಸಿದೆ. ಎಂಜಿನ್ ಸದ್ದಿನ ಜೊತೆಗೇ ಕಾರೂ ಏರಿತು.

ಅಕ್ಟೋಬರಿನಲ್ಲಿ ಎಡಗಡೆ ಶಾಫ್ಟಿನ ರಬ್ಬರ್ ಬೂಟ್ ಸೀಳಿದ್ದು ಕಂಡು ಅದೇ ಜಾಗದ ಬೋಲ್ಟನ್ನು ಮತ್ತೆ ಬಿಚ್ಚಬೇಕಾಯಿತು. ಅದಕ್ಕೂ ಅಣ್ಣನೇ ಬೇಕಾದೀತು ಅಂದುಕೊಂಡಿದ್ದೆ, ಅವರೋ ಕಡಲಿನಲ್ಲಿದ್ದರು. ಸಾಕೆಟ್ ಹಾಕಿ ಎಳೆದೆ. ಒಂದೇ ಕೈಗೆ ಬಂತು.